ಕುದುರೆಮುಖವೋ, ಕುಮಾರ ಪರ್ವತವೋ: ಮಕ್ಕಳ ಜೊತೆ ಮೂರು ದಿನ

ಹತ್ತು-ಹನ್ನೆರಡು ವರ್ಷದ ಮಕ್ಕಳಿದ್ದರೆ ನಾನು ಕುದುರೆಮುಖ ಅಂತಲೇ ಹೇಳುತ್ತೇನೆ. ಶಿಖರ 1,894 ಮೀಟರ್ ಇದ್ದರೂ ದಾರಿ ನಿಧಾನವಾಗಿ ಏರುತ್ತದೆ. ಶೋಲಾ ಕಾಡು (ಬೆಟ್ಟದ ಕಣಿವೆಗಳ ದಟ್ಟ ಕಾಡು), ಹುಲ್ಲುಗಾವಲು, ಕಾಲು ನೆನೆಸಿಕೊಂಡು ದಾಟುವ ಹಳ್ಳಗಳು. ಕಾಡೊಳಗೆ ಟೆಂಟ್ ಹಾಕುವಂತಿಲ್ಲ. ಬೆಟ್ಟದ ಬುಡದ ಹಳ್ಳಿ ಮುಳ್ಳೋಡಿಯ ಹೋಂಸ್ಟೇಯಲ್ಲಿ ಎರಡು ರಾತ್ರಿ ಉಳಿದು, ನಡುವಿನ ದಿನ ಹತ್ತಿ ಇಳಿಯಿರಿ. ಮಿಕ್ಕ ಹೊತ್ತು ಸದ್ದಿಲ್ಲದೆ ಮರಗಳನ್ನು ನೋಡುತ್ತಾ ಕೂರಿ. ಕಪ್ಪು ಮೈ, ಮುಖದ ಸುತ್ತ ಬೆಳ್ಳಿ ಕೇಸರ, ಕುಚ್ಚಿನ ಬಾಲ: ಅದೃಷ್ಟವಿದ್ದರೆ ಸಿಂಗಳೀಕ!

ಕುಮಾರ ಪರ್ವತ 1,712 ಮೀಟರೇ. ಆದರೆ ಕುಕ್ಕೆಯಿಂದ ಹೊರಟರೆ ಸುಮಾರು 1,600 ಮೀಟರ್ ಏರಬೇಕು. ದಾರಿ ನಡುವೆ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಹುಲ್ಲುಬೆಟ್ಟದಲ್ಲಿ ನೆರಳೇ ಕಡಿಮೆ. ಹದಿಹರೆಯದವರಿಗಾದರೆ ಸರಿ.

ಎರಡಕ್ಕೂ ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಳೆ ಬಿದ್ದಿದ್ದರೆ ಇಂಬಳ ಖಂಡಿತ; ಉಪ್ಪಿನ ಪೊಟ್ಟಣ ಜೇಬಲ್ಲಿರಲಿ.