ಜೊಂಡಿನೊಳಗಿನ ಕ್ರೇಕ್‌ಗೆ 8×42 ಬೈನಾಕ್ಯುಲರ್ ಸಾಕೇ?

ಕೊಂಡಜ್ಜಿ ಕೆರೆಗೋ ಸೂಳೆಕೆರೆಗೋ ಹಕ್ಕಿ ನೋಡಲು ಹೊರಡುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಎಷ್ಟು ಹತ್ರ ಕಾಣುತ್ತೆ?’ ಅಂತ. ಕ್ರೇಕ್‌ಗಳ (ಜೊಂಡಿನಲ್ಲಿ ಅಡಗಿ ಓಡಾಡುವ ಪುಟ್ಟ ನೀರಹಕ್ಕಿಗಳ) ಮಟ್ಟಿಗೆ ಅದು ತಪ್ಪು ಪ್ರಶ್ನೆ. ಇವು ಮಬ್ಬುಬೆಳಕಲ್ಲಿ ಜೊಂಡಿನ ಬುಡದಿಂದ ಹೊರಬಂದು, ಕೆಸರಲ್ಲಿ ನಾಲ್ಕು ಹೆಜ್ಜೆ ಹಾಕಿ ಮತ್ತೆ ಒಳಸೇರುತ್ತವೆ. ಅಷ್ಟರೊಳಗೆ ಅದು ಬೈಲನ್ ಕ್ರೇಕೋ ಕೆಂಪೆದೆಯ ಕ್ರೇಕೋ ತೀರ್ಮಾನವಾಗಬೇಕು.

8×42 ಅಂದರೆ 8 ಪಟ್ಟು ಹತ್ತಿರ ತೋರಿಸುವ, ಮುಂದಿನ ಲೆನ್ಸ್ 42 ಮಿ.ಮೀ. ಅಗಲದ್ದು. ಇದರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 5.25 ಮಿ.ಮೀ., 10×42ರಲ್ಲಿ 4.2. ಮಸುಕಲ್ಲಿ ಈ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. 10ರಲ್ಲಿ ಕೈನಡುಕ ಎದ್ದು ಕಾಣುತ್ತದೆ, ನೋಟದ ಅಗಲವೂ ಕಿರಿದು; ಒಮ್ಮೆ ತಪ್ಪಿದ ಹಕ್ಕಿಯನ್ನು ಮತ್ತೆ ಹಿಡಿಯುವುದು ಕಷ್ಟ. ಸೂಳೆಕೆರೆಯ ನಡುನೀರಿನ ಬಾತುಗಳಿಗಾದರೆ 10 ಮೇಲು, ಒಪ್ಪೋಣ.

ಇನ್ನು ಏನು ನೋಡಬೇಕು? ಎದೆಯ ಬಣ್ಣ ನಂಬಬೇಡಿ. ಬೆಳಕು ಕಮ್ಮಿಯಿದ್ದಾಗ ನಮ್ಮ ಕಣ್ಣಿಗೆ ಕೆಂಪು ಮೊದಲು ಕಪ್ಪಾಗುತ್ತದೆ, ಮರಿಗಳಿಗಂತೂ ಆ ಬಣ್ಣವೇ ಇರುವುದಿಲ್ಲ. ಬೆನ್ನು ನೋಡಿ. ಕಂದು ಬೆನ್ನ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಬೈಲನ್. ಚುಕ್ಕೆಯಿಲ್ಲದ ಮಣ್ಣುಗಂದು ಬೆನ್ನಾದರೆ ಕೆಂಪೆದೆಯದು. ಬೈಲನ್‌ಗೆ ಪಕ್ಕೆಯಲ್ಲಿ ಕಪ್ಪು-ಬಿಳಿ ಪಟ್ಟೆ ಸ್ಪಷ್ಟ, ಕಾಲು ಹಸಿರು ಛಾಯೆಯದು. ಬೆಳೆದ ಕೆಂಪೆದೆಯ ಕ್ರೇಕ್‌ನ ಕಾಲು ಕೆಂಪು. ಗಾತ್ರವೂ ನೆರವಿಗೆ ಬರುತ್ತದೆ: ಮೊದಲನೆಯದು ಸುಮಾರು 17 ಸೆಂ.ಮೀ., ಎರಡನೆಯದು 22ರ ಆಸುಪಾಸು, ಹೆಚ್ಚುಕಡಿಮೆ ಗೊರವಂಕದಷ್ಟು. ಬೈಲನ್ ನಮ್ಮ ಕಡೆಗೆ ಚಳಿಗಾಲದ ಅತಿಥಿ, ಹಾಗಾಗಿ ನಡುಬೇಸಿಗೆಯಲ್ಲಿ ‘ಬೈಲನ್’ ಅನ್ನುವ ಮುಂಚೆ ಇನ್ನೊಮ್ಮೆ ಬೆನ್ನು ನೋಡಿ.

ಕೊಳ್ಳುವಾಗ ನೈಟ್ರೋಜನ್ ತುಂಬಿದ, ನೀರು ಹೊಗದ ಮಾದರಿಯನ್ನೇ ಕೇಳಿ. ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೆ ಮಂಜು ಕಟ್ಟಿ, ಬರಬರುತ್ತಾ ಫಂಗಸ್ ಹಿಡಿಯುತ್ತದೆ. 2 ಮೀಟರ್ ದೂರದ ವಸ್ತುವೂ ಸ್ಪಷ್ಟವಾಗಿ ಕಾಣಬೇಕು. ಕನ್ನಡಕದವರಿಗೆ ಐ ರಿಲೀಫ್ (ಲೆನ್ಸಿನಿಂದ ಕಣ್ಣು ಇರಬಹುದಾದ ದೂರ) 16 ಮಿ.ಮೀ. ಆದರೂ ಇರಲಿ, ಕಣ್ಣಿನ ಕಪ್ ಒಳಗೆ ತಿರುಗಿಸಿಟ್ಟುಕೊಳ್ಳಿ.

‘ಮಸುಕು ಮಸುಕು’ ಎಂಬ ದೂರಿಗೆ ಬಹಳ ಸಲ ಕಾರಣ ಡಯಾಪ್ಟರ್ (ಎರಡು ಕಣ್ಣುಗಳ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ) ಹೊಂದಿಸದಿರುವುದು. ಬಲ ಲೆನ್ಸ್ ಮುಚ್ಚಿ ನಡುವಿನ ಚಕ್ರದಿಂದ ಎಡಗಣ್ಣಿಗೆ ಫೋಕಸ್ ಮಾಡಿ. ಆಮೇಲೆ ಎಡ ಲೆನ್ಸ್ ಮುಚ್ಚಿ, ಚಕ್ರ ಮುಟ್ಟದೆ, ಬಲಗಣ್ಣಿನ ಉಂಗುರ ಮಾತ್ರ ತಿರುಗಿಸಿ. ಲೆನ್ಸ್ ಮೇಲಿನ ದೂಳನ್ನು ಟವೆಲ್‌ನಿಂದ ಒರೆಸಬೇಡಿ, ಲೇಪನಕ್ಕೆ ಗೀರು ಬೀಳುತ್ತದೆ. ಮೊದಲು ಮೆತ್ತನೆಯ ಬ್ರಷ್, ಆಮೇಲೆ ಬಟ್ಟೆ.