ಕೆಲಸ ಕಲಿಯಲು ಮೊದಲ ಗಾಡಿ: ಮಾರುತಿ 800, ಪದ್ಮಿನಿ, ಅಂಬಾಸಿಡರ್ ಮೂರರ ಕೆಳಗೂ ಮಲಗಿದ ಮೇಲೆ

ಹಳೆ ಕಾರು ಒಂದು ತಗೊಂಡು ಬಿಚ್ಚಿ ಜೋಡಿಸಿ ಮೆಕ್ಯಾನಿಕ್ ಕೆಲಸ ಕಲಿಯಬೇಕು, ಯಾವುದು ತಗೊಳ್ಳಲಿ ಮಾಮಾ ಅಂತ ಅಕ್ಕನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ಅವನಿಗೆ ಹೇಳಿದ್ದು ಅರ್ಧ, ಉಳಿದದ್ದು ಇಲ್ಲಿ ಬರೆಯುತ್ತಿದ್ದೇನೆ. ಐದು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಇತ್ತು. ಕೇಳಿದವರೆಲ್ಲ ಯಾವ ಗಾಡಿ ನೋಡಲು ಚೆಂದ, ಯಾವುದಕ್ಕೆ ಮುಂದೆ ಬೆಲೆ ಬರುತ್ತದೆ ಅಂತ ಹೇಳಿದರು. ಯಾವುದರ ಸಾಮಾನು ನಮ್ಮೂರಲ್ಲಿ ಸಿಗುತ್ತದೆ ಅಂತ ಒಬ್ಬರೂ ಹೇಳಲಿಲ್ಲ.

ನಮ್ಮ ಮನೆ ಕಲಬುರಗಿಯಲ್ಲಿ, ಆಳಂದ ರಸ್ತೆ ಕಡೆ. ಮುಂದೆ ಶಹಾಬಾದ್ ಫರ್ಶಿ ಹಾಸಿದ ಅಂಗಳ, ಮೇಲೆ ತಗಡಿನ ಶೆಡ್ಡು, ಒಂದು ಬಲ್ಬು. ಅಷ್ಟರಲ್ಲೇ ಎರಡು ಗಾಡಿ ಬಿಚ್ಚಿದೆ: ಕಮಲಾಪುರದ ಮಾಮಾನ 1986ರ ಪ್ರೀಮಿಯರ್ ಪದ್ಮಿನಿ ಕಾರು, ಆಮೇಲೆ ನಾನೇ ಕೊಂಡ 1993ರ ಮಾರುತಿ 800. ಅಂಬಾಸಿಡರ್ ನನ್ನದಲ್ಲ. ನಮ್ಮೂರಿನ ಹುಮನಾಬಾದ್ ಬೇಸ್ ಹತ್ತಿರ ಒಬ್ಬ ಉಸ್ತಾದ್ ಇದ್ದಾರೆ, ನನಗೆ ಕೆಲಸ ಕಲಿಸಿದವರು, ಅವರ ಗ್ಯಾರೇಜಿಗೆ ಬಂದ ಒಂದು ಹಳೆ ಪೆಟ್ರೋಲ್ ಅಂಬಾಸಿಡರ್ ಮೇಲೆ ಎರಡು ತಿಂಗಳು ಭಾನುವಾರ ಭಾನುವಾರ ದುಡಿದೆ. ಮೂರರಲ್ಲೂ ಅವೇ ಕೆಲಸ ಮಾಡಿದೆ: ಪ್ಲಗ್ (ಕಿಡಿ ಕೊಡುವುದು), ಪಾಯಿಂಟ್ (ಆ ಕಿಡಿಗಾಗಿ ಕರೆಂಟ್ ಕಡಿದು ಬಿಡುವ ಸ್ವಿಚ್ಚು), ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವುದು), ಟ್ಯಾಪೆಟ್ (ಇಂಜಿನ್ನಿನ ವಾಲ್ವ್ ಒತ್ತುವ ಭಾಗ), ಬ್ರೇಕ್. ಕ್ಲಚ್ ಮಾತ್ರ ಎರಡರಲ್ಲಿ.

ಮೊದಲು ಪದ್ಮಿನಿ. ಬಾನೆಟ್ ಎತ್ತಿದ ಕೂಡಲೇ ಈ ಗಾಡಿ ಮೇಲೆ ಪ್ರೀತಿ ಬರುತ್ತದೆ. 1089 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಉದ್ದಕ್ಕೆ ಕೂತಿದೆ, ಎರಡೂ ಬದಿಯಲ್ಲಿ ಮೊಣಕೈವರೆಗೆ ಕೈ ಇಳಿಯುವಷ್ಟು ಜಾಗ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಶಕ್ತಿಯನ್ನು ಎರಡು ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್, ಎಲ್ಲ ಒಂದೇ ಸಾಲಲ್ಲಿ ಇವೆ. ಕೆಳಗೆ ಮಲಗಿ ನೋಡಿದರೆ ಶಕ್ತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಕಾರು ಹೇಗೆ ಓಡುತ್ತದೆ ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ ಗಾಡಿ ನಾನು ನೋಡಿಲ್ಲ. ಇದನ್ನು ಮನಸಿನಿಂದ ಹೇಳುತ್ತಿದ್ದೇನೆ, ಯಾಕೆಂದರೆ ಮುಂದೆ ಇದನ್ನು ಮೊದಲು ತಗೋಬೇಡಿ ಅಂತಲೂ ಹೇಳಬೇಕಿದೆ.

ಕಾರಣ ಬ್ರೇಕ್. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಅಂದರೆ ಡಬ್ಬಿಯ ಒಳಗಿಂದ ಶೂ ಒತ್ತಿ ಚಕ್ರ ನಿಲ್ಲಿಸುವಂಥದ್ದು. ಹತ್ತು ವರ್ಷ ಶೆಡ್ಡಿನಲ್ಲಿ ನಿಂತಿದ್ದರಿಂದ ಆ ಶೂ ತಳ್ಳುವ ವೀಲ್ ಸಿಲಿಂಡರ್‌ಗಳು ಹಿಡಿದುಹೋಗಿದ್ದವು, ಪೆಡಲ್ ತುಳಿದಾಗ ಬ್ರೇಕ್ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಮುಟ್ಟಿದರೆ ಪುಡಿ ಆಗುತ್ತಿತ್ತು. ಬಿಚ್ಚೋದು ಒಂದು ದಿನದ ಕೆಲಸ. ರಬ್ಬರ್ ಕಿಟ್‌ಗೆ ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗಳನ್ನೆಲ್ಲ ಸುತ್ತಿದೆ, ಸಿಗಲಿಲ್ಲ. ಸೊಲ್ಲಾಪುರಕ್ಕೆ ಹೋದೆ, ಅಲ್ಲಿ ಸಿಕ್ಕ ಕಿಟ್ಟಿನ ಸೈಜು ಬೇರೆ. ಕೊನೆಗೆ ಮುಂಬೈಯಲ್ಲಿರುವ ಗೆಳೆಯ ಕುರ್ಲಾದ ಹಳೆ ಸಾಮಾನಿನ ಅಂಗಡಿಗಳಲ್ಲಿ ಹುಡುಕಿ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಬರುವವರ ಕೈಲಿ ಕಳಿಸಿದ. ಒಟ್ಟು 19 ದಿನ. ಅಷ್ಟು ದಿನ ಗಾಡಿ ಮರದ ತುಂಡುಗಳ ಮೇಲೆ ನಿಂತೇ ಇತ್ತು. ನಾನು ಬಿಚ್ಚುವಾಗ ಯಾವ ಸ್ಪ್ರಿಂಗ್ ಯಾವ ಕಡೆ ಇತ್ತು ಅನ್ನೋದೇ ಮರೆತುಬಿಟ್ಟೆ. ಆವಾಗಿಂದ ಬಿಚ್ಚುವ ಮುಂಚೆ ಒಂದು, ಬಿಚ್ಚಿದ ಮೇಲೆ ಒಂದು ಫೋಟೋ ತೆಗೆಯುತ್ತೇನೆ, ಎಡಬಲ ಎರಡೂ ಒಂದೇ ಸಲ ಬಿಚ್ಚೋದಿಲ್ಲ. ಒಂದು ಬದಿ ಹಾಗೇ ಇದ್ದರೆ ಅದನ್ನು ನೋಡಿಕೊಂಡು ಇನ್ನೊಂದು ಬದಿ ಜೋಡಿಸಬಹುದು.

ಹೊಸದಾಗಿ ಕಲಿಯುವವನಿಗೆ ಈ 19 ದಿನ ತುಂಬಾ ಕೆಟ್ಟವು. ಬಿಚ್ಚಿದ ವಾರದಲ್ಲೇ ಜೋಡಿಸಿದರೆ ಕೈಗೆ ನೆನಪು ಉಳಿಯುತ್ತದೆ. ತಿಂಗಳು ಬಿಟ್ಟು ಜೋಡಿಸಿದರೆ ಎರಡನೇ ಸಲ ಮೊದಲಿಂದ ಕಲಿತ ಹಾಗೆ. ಎಷ್ಟೋ ಮನೆಯಂಗಳದಲ್ಲಿ ಅರ್ಧ ಬಿಚ್ಚಿದ ಗಾಡಿ ಹುಲ್ಲು ಬೆಳೆಸಿಕೊಂಡು ನಿಂತಿರೋದನ್ನು ನೀವೂ ನೋಡಿರಬಹುದು, ಅಲ್ವಾ? ಅವರೆಲ್ಲ ಸೋಮಾರಿಗಳಲ್ಲ, ಒಂದು ಸಾಮಾನಿಗೆ ಕಾದು ಕಾದು ಕೈಬಿಟ್ಟವರೇ ಜಾಸ್ತಿ.

ಮಾರುತಿ 800 ಗೆದ್ದದ್ದು ಇಲ್ಲೇ. 1983ರ ಡಿಸೆಂಬರಿನಿಂದ 2014ರ ಜನವರಿವರೆಗೆ, ಅಂದರೆ 30 ವರ್ಷ ಈ ಗಾಡಿ ತಯಾರಾಯಿತು. ಪ್ಲಗ್, ಪಾಯಿಂಟ್, ಕಂಡೆನ್ಸರ್, ಬ್ರೇಕ್ ಶೂ, ಕ್ಲಚ್ ಪ್ಲೇಟ್, ಗ್ಯಾಸ್ಕೆಟ್, ಏನು ಬೇಕಾದರೂ ಕಲಬುರಗಿಯಲ್ಲೇ ಸಿಗುತ್ತದೆ. ನಾನು ಹೋಗಿ ಬರಲು ಮುಕ್ಕಾಲು ಗಂಟೆ. ತಪ್ಪು ಸಾಮಾನು ತಂದರೂ ಸಂಜೆಯೊಳಗೆ ಬದಲಿಸಿಕೊಂಡು ಬರಬಹುದು. ಶನಿವಾರ ಬೆಳಿಗ್ಗೆ ಬಿಚ್ಚಿದ್ದು ಭಾನುವಾರ ಸಂಜೆ ಓಡುತ್ತದೆ. ಆ ಮೊದಲ ವರ್ಷ ನಾನು ಕಲಿತದ್ದು ಪದ್ಮಿನಿಯ ಎರಡು ವರ್ಷಕ್ಕಿಂತ ಜಾಸ್ತಿ.

ಜಾಗ ಮಾತ್ರ ಕಡಿಮೆ. 796 ಸಿಸಿಯ ಮೂರು ಸಿಲಿಂಡರ್ ಇಂಜಿನ್ ಅಡ್ಡಕ್ಕೆ ಕೂತಿದೆ, ಗೇರ್‌ಬಾಕ್ಸ್ ಡಿಫರೆನ್ಷಿಯಲ್ ಎಲ್ಲ ಪಕ್ಕದಲ್ಲೇ ಒಂದೇ ಡಬ್ಬಿಯಲ್ಲಿ. ಹಿಂದಿನ ಬೋಲ್ಟುಗಳನ್ನು ಕಣ್ಣಿಗೆ ಕಾಣದೆ ಬೆರಳಿನಿಂದಲೇ ಹುಡುಕಬೇಕು, ಮುಂಗೈ ಗೀಚಿಕೊಳ್ಳುತ್ತದೆ. ಆದರೆ ಸಣ್ಣದಾಗಿರೋದರಿಂದ ಲಾಭವೂ ಇದೆ. ಇಡೀ ಗಾಡಿ ಸುಮಾರು 650 ಕೆಜಿ. ಕ್ಲಚ್ ಹಾಕುವಾಗ ಗೇರ್‌ಬಾಕ್ಸನ್ನು ನಾನೂ ತಮ್ಮನೂ ಇಬ್ಬರೇ ಕೆಳಗಿಳಿಸಿದೆವು. 10, 12, 14, 17, 19 ಮಿಲಿಮೀಟರ್ ಪಾನಾ (ಸ್ಪ್ಯಾನರ್) ಇದ್ದರೆ ಮುಕ್ಕಾಲು ಕೆಲಸ ಆಗುತ್ತದೆ. ಮೂರೇ ಪ್ಲಗ್ ವೈರು, ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಬರುವ ಸರದಿ, 1-3-2. ಪದ್ಮಿನಿಯ 1-3-4-2ನಲ್ಲಿ ನಾನು ವೈರು ಅದಲುಬದಲು ಮಾಡಿ ಅರ್ಧ ದಿನ ಕಳೆದಿದ್ದೆ. ಟ್ಯಾಪೆಟ್ ಇದರಲ್ಲಿ ಆರು, ಅದರಲ್ಲಿ ಎಂಟು. ಎರಡರಲ್ಲೂ ಸ್ಕ್ರೂ ಮತ್ತು ಲಾಕ್ ನಟ್ಟು, ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್, ಹಾಕಿ ಕೂರಿಸುವ ಕೆಲಸ, ಹಾಗಾಗಿ ಒಂದರಲ್ಲಿ ಕಲಿತರೆ ಇನ್ನೊಂದಕ್ಕೂ ಬಂತು.

ಒಂದು ಕೆಲಸವನ್ನು ಹತ್ತಿರದಿಂದ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಮೊದಲು ಮಾಡುವ ಕೆಲಸ ಇದೇ. 800ರ ಸಿಲಿಂಡರ್ ಹೆಡ್ (ಇಂಜಿನ್ನಿನ ಮೇಲಿನ ಮುಚ್ಚಳದಂಥ ಭಾಗ) ಅಲ್ಯೂಮಿನಿಯಂ, ಪ್ಲಗ್ ಉಕ್ಕಿನದು. ನಾನು ಎರಡನೇ ಪ್ಲಗ್ಗನ್ನು ನೇರವಾಗಿ ಪ್ಲಗ್ ಪಾನಾದಿಂದಲೇ ಕೂರಿಸಲು ಹೋದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೇ ಸುತ್ತಿಗೆ ಬಿಗಿಯಾಯಿತು, ಕೂತಿತು ಅಂದುಕೊಂಡು ಇನ್ನೂ ಎಳೆದೆ. ತೆಗೆದು ನೋಡಿದರೆ ಪ್ಲಗ್ಗಿನ ಆಟೆಯಲ್ಲಿ (ತಿರುಪಿನ ಗೆರೆಗಳಲ್ಲಿ) ಬೆಳ್ಳಗೆ ಹೊಳೆಯುವ ಚೂರು. ಅದು ಹೆಡ್ಡಿನ ಅಲ್ಯೂಮಿನಿಯಂ. ಉಸ್ತಾದ್ ಬಂದು ನೋಡಿದರು, ಬೈಯಲಿಲ್ಲ. ಒಂದು ಗೇಣು ಉದ್ದದ ಪೆಟ್ರೋಲ್ ಪೈಪಿನ ತುಂಡು ತಗೊಂಡು ಇನ್ನೊಂದು ಪ್ಲಗ್ಗಿನ ತಲೆಗೆ ಸಿಕ್ಕಿಸಿದರು. ಆ ಪೈಪು ಹಿಡಿದು ಮೂರನೇ ತೂತಿಗೆ ಬಿಟ್ಟು ಎರಡು ಬೆರಳಲ್ಲಿ ತಿರುವಿದರು. ಆಟೆ ಸರಿಯಾಗಿ ಕೂತರೆ ಪ್ಲಗ್ ಇಳಿಯುತ್ತದೆ, ಓರೆ ಆದರೆ ಪೈಪು ಜಾರುತ್ತದೆ, ಆಟೆ ಕೆಡೋದಿಲ್ಲ. "ಮೊದ್ಲ ಕೈಲೇ ತಿರುವು ಬೇಟಾ. ಕೈಗೆ ಹೋಗಲಿಲ್ಲಂದ್ರ ಪಾನಾಕ್ಕೂ ಹೋಗಂಗಿಲ್ಲ" ಅಂದರು. ಕೆಟ್ಟ ಆಟೆಗೆ ಹೊಸ ಆಟೆ ಕೂರಿಸಿಕೊಂಡು ಬರಲು ಹೆಡ್ ಬಿಚ್ಚಬೇಕಾಯಿತು. ಹೆಡ್ ಬಿಚ್ಚೋದನ್ನೂ ಹಾಗೇ ಕಲಿತೆ, ಗ್ಯಾಸ್ಕೆಟ್ ಅದೇ ದಿನ ಸಿಕ್ಕಿತು. ಇದೇ ತಪ್ಪು ಪದ್ಮಿನಿಯಲ್ಲಿ ಆಗಿದ್ದರೆ ಮತ್ತೆ ಕುರ್ಲಾ.

ಅಂಬಾಸಿಡರ್ ಬಗ್ಗೆ ಜಾಸ್ತಿ ಹೇಳಲ್ಲ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಅಚ್ಚಿನಿಂದ ಬಂದದ್ದು, 2014ರವರೆಗೂ ಉತ್ತರಪಾರಾದಲ್ಲಿ ತಯಾರಾಯಿತು. ಗಟ್ಟಿ ಗಾಡಿ. ಹಳೆ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ಇಂಚಿನ ಲೆಕ್ಕದ ಬೋಲ್ಟುಗಳು, ನಮ್ಮ ಮಿಲಿಮೀಟರ್ ಪಾನಾ ಹಾಕಿದರೆ ಮೂಲೆ ಸವೆದು ಬೋಲ್ಟು ದುಂಡಗಾಗುತ್ತದೆ, ಹಾಗಾಗಿ ಬೇರೆಯೇ ಸೆಟ್ ಕೊಳ್ಳಬೇಕು. ತೂಕ 1100 ಕೆಜಿ ದಾಟುತ್ತದೆ. ಮನೆಯಂಗಳದಲ್ಲಿ ಒಬ್ಬನೇ ಮಾಡುವ ಕೆಲಸ ಅಲ್ಲ. ಕ್ಲಚ್ ನಾನು ಮಾಡದೇ ಬಿಟ್ಟದ್ದು ಇದರದ್ದೇ.

ಭಾರದ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಲೇಬೇಕು. ನಮ್ಮ ಕಡೆ ಮನೆ ಮನೆಗೂ ಶಹಾಬಾದ್ ಫರ್ಶಿ ಇರುತ್ತದಲ್ಲ, ಅದರ ಮೇಲೆ ಜಾಕ್ ಇಡುವ ಮುಂಚೆ ಬೆರಳಿನಿಂದ ತಟ್ಟಿ ನೋಡಿ. ಕೆಳಗೆ ಟೊಳ್ಳಿದ್ದರೆ ಶಬ್ದ ಬೇರೆ ಬರುತ್ತದೆ. ಪದ್ಮಿನಿ ಎತ್ತಿದ ದಿನ ಜಾಕಿನ ಪಾದದ ಕೆಳಗೆ ಫರ್ಶಿ ಟಕ್ ಅಂತ ಸೀಳಿತು, ಗಾಡಿ ಒಂದು ಇಂಚು ಕುಸಿಯಿತು. ಪುಣ್ಯಕ್ಕೆ ನಾನು ಇನ್ನೂ ಕೆಳಗೆ ಹೋಗಿರಲಿಲ್ಲ. ಆವತ್ತಿನಿಂದ ಎರಡು ಇಂಚು ದಪ್ಪದ ಹಲಗೆ ಹಾಸಿ ಅದರ ಮೇಲೆ ಜಾಕ್, ಎತ್ತಿದ ಮೇಲೆ ಎರಡು ಸ್ಟ್ಯಾಂಡು, ಮೇಲಾಗಿ ಬಿಚ್ಚಿದ ಚಕ್ರವನ್ನು ಗಾಡಿ ಕೆಳಗೆ ತಳ್ಳುತ್ತೇನೆ. ಬರೀ ಜಾಕ್ ನಂಬಿ ಯಾವ ಗಾಡಿ ಕೆಳಗೂ ಹೋಗಬೇಡಿ. ಸ್ಟ್ಯಾಂಡಿಗೆ ದುಡ್ಡಿಲ್ಲ ಅಂದರೆ ಗಾಡಿ ಕೊಳ್ಳೋದನ್ನೇ ಒಂದು ತಿಂಗಳು ಮುಂದೆ ಹಾಕಿ.

ಬೇಸಿಗೆ ವಿಷಯದಲ್ಲಿ ಪದ್ಮಿನಿ, 800 ಎರಡೂ ಒಂದೇ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೆ ಜೇವರ್ಗಿ ರಸ್ತೆಯಲ್ಲಿ ಎರಡೂ ನನ್ನನ್ನು ನಿಲ್ಲಿಸಿವೆ. ಇಂಜಿನ್ನಿಗೆ ಅಂಟಿದ ಪೆಟ್ರೋಲ್ ಪಂಪು ಕಾದು ಪೈಪಿನಲ್ಲಿ ಪೆಟ್ರೋಲ್ ಆವಿ ಆದರೆ ಕಾರ್ಬುರೇಟರ್‌ಗೆ ಏನೂ ಬರೋದಿಲ್ಲ. ಒದ್ದೆ ಬಟ್ಟೆ ಪಂಪಿನ ಮೇಲೆ ಹಾಕಿ ಹದಿನೈದು ನಿಮಿಷ ಕಾದರೆ ಮತ್ತೆ ಶುರುವಾಗುತ್ತದೆ. ಈಗ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್ ಬರುತ್ತಿರೋದರಿಂದ ಹಳೆ ರಬ್ಬರ್ ಪೈಪು, ಪಂಪಿನ ಒಳಗಿನ ಪರದೆ, ಅಂದರೆ ಡಯಾಫ್ರಾಂ, ಬೇಗ ಹಾಳಾಗುತ್ತವೆ. ಗಾಡಿ ತಂದ ವಾರದಲ್ಲೇ ಪೆಟ್ರೋಲ್ ಪೈಪೆಲ್ಲ ಹೊಸದು ಹಾಕಿಬಿಡಿ, ಇದು ಬೆಂಕಿಯ ವಿಷಯ.

ಬೇರೆ ಗಾಡಿ ಕೇಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಓಮ್ನಿ ಸಿಕ್ಕರೆ ಅದೂ ಆದೀತು, ಇಂಜಿನ್ ಅದೇ 796 ಸಿಸಿ, ಸೀಟಿನ ಕೆಳಗಿದೆ, ಇಂಜಿನ್ ತಿರುಗಿಸೋದು ಹಿಂದಿನ ಚಕ್ರಗಳನ್ನು. ಡೀಸೆಲ್ ಜೀಪು ಬೇಡ, ಇಂಜಿನ್ನಿಗೆ ಡೀಸೆಲ್ ಒತ್ತಿ ಬಿಡುವ ಅದರ ಇಂಜೆಕ್ಷನ್ ಪಂಪಿನ ಕೆಲಸ ಮನೆಯಲ್ಲಿ ಆಗೋದಿಲ್ಲ, ಪಂಪು ರಿಪೇರಿಯವರ ಹತ್ತಿರವೇ ಕೊಡಬೇಕು. ಸೆನ್ಸರ್, ಕಂಪ್ಯೂಟರ್ ಇರುವ 2000ದ ನಂತರದ ಗಾಡಿ ಎರಡನೆಯದಾಗಿ ಒಳ್ಳೆಯದು. ಗೆಳೆಯನ ಅಂಥದ್ದೊಂದರ ಮೇಲೆ ಮೂರು ವಾರ ಮಲ್ಟಿಮೀಟರ್ ಹಿಡಿದು ವೈರಿಂಗ್ ಹುಡುಕಿದೆ. ಕಲಿತದ್ದೂ ಇದೆ, ಆದರೆ ಕಿಡಿ ಬರುತ್ತಿದೆಯಾ, ಪೆಟ್ರೋಲ್ ಬರುತ್ತಿದೆಯಾ ಅಂತ ಕಣ್ಣಲ್ಲೇ ನೋಡಿ ಗೊತ್ತಿದ್ದರಿಂದ ಅದು ಸಾಧ್ಯವಾಯಿತು.

ದುಡ್ಡಿನ ಲೆಕ್ಕ ಹೀಗಿದೆ. 800ಕ್ಕೆ ಕೊಟ್ಟದ್ದು 32,000, ಪಾನಾ ಜಾಕು ಸ್ಟ್ಯಾಂಡಿಗೆ 9,000, ಮೊದಲ ವರ್ಷದ ಸಾಮಾನಿಗೆ 21,000. ಪದ್ಮಿನಿ ಪುಕ್ಕಟೆ ಬಂತು, ಸಾಮಾನು ಮತ್ತು ತುಕ್ಕಿನ ಕೆಲಸಕ್ಕೆ 47,000 ಹೋಗಿದೆ, ಇನ್ನೂ ಮುಗಿದಿಲ್ಲ.

ಕಾಗದ ನೋಡದೆ ಒಂದು ರೂಪಾಯಿ ಕೊಡಬೇಡಿ. 15 ವರ್ಷ ದಾಟಿದ ಗಾಡಿಯ ನೋಂದಣಿ ಪತ್ರ, ಅಂದರೆ ಆರ್‌ಸಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು, ಫಿಟ್‌ನೆಸ್ ಪಾಸಾಗಬೇಕು. 2025ರ ಆಗಸ್ಟ್‌ನಿಂದ 20 ವರ್ಷ ದಾಟಿದ ಕಾರಿಗೆ ನವೀಕರಣದ ಶುಲ್ಕವೇ 10,000 ರೂಪಾಯಿ, ಅದನ್ನು ಚೌಕಾಸಿ ಮಾಡುವಾಗ ಲೆಕ್ಕಕ್ಕೆ ಹಿಡಿಯಿರಿ. ನಮ್ಮದು ಗಡಿ ಊರು, ಸೊಲ್ಲಾಪುರದಿಂದ, ಹೈದರಾಬಾದಿನಿಂದ ಅಗ್ಗದ ಗಾಡಿ ಬರುತ್ತಿರುತ್ತವೆ. ಆದರೆ ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ ಸೇರಿದರೆ ಅಗ್ಗ ಉಳಿಯೋದಿಲ್ಲ. ಕೆಎ-32, ಅಂದರೆ ಕಲಬುರಗಿ ನೋಂದಣಿಯ ಗಾಡಿ, ಆರ್‌ಸಿಯಲ್ಲಿ ಹೆಸರಿರುವ ಮಾಲೀಕರೇ ಎದುರಿಗೆ ಕೂತು ಸಹಿ ಹಾಕುವಂಥದ್ದು ಸಿಕ್ಕರೆ ಐದು ಸಾವಿರ ಜಾಸ್ತಿ ಆದರೂ ತಗೊಳ್ಳಿ.

ಅಕ್ಕನ ಮಗನಿಗೆ ಕಾರ್ಬುರೇಟರ್ ಇರುವ 800 ಹುಡುಕು ಅಂದಿದ್ದೇನೆ. ಪದ್ಮಿನಿ ಅವನಿಗೂ ಇಷ್ಟ, ನನಗೂ ಇಷ್ಟ, ಈಗ ಅದರ ಕ್ಲಚ್ ಮುಗಿಸಿ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯ ಸವೆದ ಬುಷ್ ಬದಲಿಸುತ್ತಿದ್ದೇನೆ. ಮಾಸ್ಟರ್ ಸಿಲಿಂಡರ್ ಕಿಟ್ ಈ ಸಲ ಎರಡು ತರಿಸಿದೆ. ಒಂದು ಗಾಡಿಯಲ್ಲಿದೆ, ಇನ್ನೊಂದನ್ನು ಕಪಾಟಿನ ಮೇಲಿನ ಖಾನೆಯಲ್ಲಿಟ್ಟಿದ್ದೇನೆ.