ಅಂಡಾಶಯವನ್ನು ಮೇಲಕ್ಕೆತ್ತಿ ಕಟ್ಟುವ ಶಸ್ತ್ರಚಿಕಿತ್ಸೆ: ಒಂದು ಸಲಹಾ ವಿಭಾಗದ ವಿಮರ್ಶೆ

ಮದುವೆಯಾಗದ, 29 ವರ್ಷದ ನನ್ನ ತಂಗಿಗೆ ಗುದನಾಳದ ಕ್ಯಾನ್ಸರ್ ಇರುವುದು ಗೊತ್ತಾದಾಗ, ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಸಂತಾನಶಕ್ತಿ ಸಂರಕ್ಷಣಾ ವಿಭಾಗದಲ್ಲಿ ನಾವು ಪಡೆದ ಸೇವೆಯ ಕುರಿತು ಇಲ್ಲಿ ಬರೆಯುತ್ತಿದ್ದೇನೆ. ನಮ್ಮನ್ನು ಅಲ್ಲಿಗೆ ಯಾರೂ ಕಳುಹಿಸಲಿಲ್ಲ. ರೇಡಿಯೇಷನ್‌ಗೆ ದಿನ ಗೊತ್ತುಮಾಡಿದ ಮೇಲೆ ತಂಗಿಯೇ "ಮುಂದೆ ನನಗೆ ಮಕ್ಕಳಾಗುತ್ತವೆಯೇ?" ಎಂದು ಕೇಳಿದಾಗಲಷ್ಟೇ ಅದೇ ಆಸ್ಪತ್ರೆಯಲ್ಲಿ, ಅದೇ ಕಟ್ಟಡದಲ್ಲಿ, ಇಂಥದೊಂದು ವಿಭಾಗವಿದೆ ಎಂದು ತಿಳಿಯಿತು. ರೋಗವಿದ್ದದ್ದು ಕರುಳಿನಲ್ಲಿ, ಆದ್ದರಿಂದ ಅಂಡಾಶಯದ ಯೋಚನೆ ಯಾರಿಗೂ ಬಂದಿರಲಿಲ್ಲ.

ಆದರೆ ಶಸ್ತ್ರವೈದ್ಯೆಯ ವಿವರಣೆಯಲ್ಲಿ ಕೊರತೆ ಹುಡುಕುವುದು ಕಷ್ಟ. ಕಿಬ್ಬೊಟ್ಟೆಗೆ ಸುಮಾರು ಐದು ವಾರ ರೇಡಿಯೇಷನ್ ಕೊಟ್ಟರೆ ಅಂಡಾಶಯಗಳು ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತವೆ, ಹಾಗಾಗಿ ಲ್ಯಾಪರೊಸ್ಕೋಪಿಯ (ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ತೂರಿಸಿ ಮಾಡುವ ಶಸ್ತ್ರಚಿಕಿತ್ಸೆ) ಮೂಲಕ ಅವನ್ನು ರಕ್ತನಾಳಗಳ ಸಮೇತ ಸೊಂಟದ ಮೂಳೆಯ ಮೇಲಂಚಿಗಿಂತ ಎತ್ತರಕ್ಕೆ ಒಯ್ದು ಹೊಟ್ಟೆಯ ಪಕ್ಕದ ಗೋಡೆಗೆ ಹೊಲಿಯುತ್ತೇವೆ, ರೇಡಿಯೇಷನ್ ವೈದ್ಯರಿಗೆ ಗುರುತು ಸಿಗಲೆಂದು ಲೋಹದ ಕ್ಲಿಪ್ ಹಾಕುತ್ತೇವೆ ಎಂದು ಅವರು ಚಿತ್ರ ಬರೆದು ತೋರಿಸಿದರು. ಆಸ್ಪತ್ರೆಯ ಕನ್ನಡ ಕೈಪಿಡಿಯಲ್ಲಿ ಇದಕ್ಕಿದ್ದ 'ಅಂಡಾಶಯ ಸ್ಥಾನಾಂತರಣ' ಎಂಬ ಹೆಸರು ನಮ್ಮ ಅಮ್ಮನಿಗೆ ಅರ್ಥವಾಗಿರಲಿಲ್ಲ. ವೈದ್ಯೆ "ಮೇಲಕ್ಕೆತ್ತಿ ಕಟ್ಟುವುದು" ಎಂದೊಡನೆ ಅರ್ಥವಾಯಿತು.

ಮಿತಿಗಳನ್ನೂ ಅವರು ಮುಚ್ಚಿಡಲಿಲ್ಲ. ಚದುರಿದ ಕಿರಣಗಳು ಅಂಡಾಶಯಕ್ಕೆ ತಗಲಬಹುದು, ರಕ್ತದ ಮೂಲಕ ಬರುವ ಕೀಮೋ ಔಷಧಿಯಿಂದ ಈ ಶಸ್ತ್ರಚಿಕಿತ್ಸೆ ರಕ್ಷಣೆ ಕೊಡುವುದಿಲ್ಲ, ಗರ್ಭಕೋಶವಂತೂ ಇದ್ದಲ್ಲೇ ಇದ್ದು ಪೆಟ್ಟು ತಿನ್ನುತ್ತದೆ. ಮುಂದೆ ಬಾಡಿಗೆ ತಾಯಿಯ ನೆರವು ಬೇಕಾಗಬಹುದೆಂದೂ, 2021ರ ಕಾಯ್ದೆ ಅದಕ್ಕೆ ಬಿಗಿಯಾದ ಷರತ್ತುಗಳನ್ನು ಹಾಕಿದೆಯೆಂದೂ ಮೊದಲ ಭೇಟಿಯಲ್ಲೇ ಹೇಳಿದರು. ಗರ್ಭಕೋಶವನ್ನೇ ತಾತ್ಕಾಲಿಕವಾಗಿ ಮೇಲ್ಹೊಟ್ಟೆಗೆ ಸರಿಸುವ, ಬ್ರೆಜಿಲ್‌ನ ರೈಟನ್ ರಿಬೈರೊ 2017ರಲ್ಲಿ ವರದಿ ಮಾಡಿದ ವಿಧಾನದ ಬಗ್ಗೆ ನಾನು ಕೇಳಿದಾಗ, ತಮಗೆ ಅದರಲ್ಲಿ ಅನುಭವವಿಲ್ಲ ಎಂದು ನೇರವಾಗಿ ಒಪ್ಪಿಕೊಂಡರು. ನನಗೆ ಅವರ ಮೇಲೆ ಭರವಸೆ ಹುಟ್ಟಿದ್ದು ಆ ಉತ್ತರದಿಂದ.

ಕೈಪಿಡಿಯಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೂ ಒಂದು ಪುಟವಿದೆ. ಗೆಡ್ಡೆ ಸಾಮಾನ್ಯವಾಗಿ 2 ಸೆಂಟಿಮೀಟರ್‌ಗಿಂತ ಚಿಕ್ಕದಾಗಿದ್ದು ದುಗ್ಧಗ್ರಂಥಿಗಳಿಗೆ (ಲಿಂಫ್ ಗ್ರಂಥಿಗಳಿಗೆ) ಹಬ್ಬದಿದ್ದರೆ, ಗರ್ಭಕಂಠವನ್ನು ಮಾತ್ರ ತೆಗೆದು ಗರ್ಭಕೋಶ ಉಳಿಸುವ ಟ್ರೆಕಿಲೆಕ್ಟಮಿಯನ್ನು ಅದು ಪರಿಚಯಿಸುತ್ತದೆ. ಫ್ರಾನ್ಸಿನ ಡೇನಿಯಲ್ ದಾರ್ಜಾನ್ ರೂಪಿಸಿದ ಈ ವಿಧಾನದ ನಂತರ ಹೆರಿಗೆ ಸಿಸೇರಿಯನ್‌ನಿಂದಲೇ ಆಗಬೇಕು ಎಂಬುದನ್ನು ಬರೆದಿದ್ದಾರೆ. ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವ ಹೆಚ್ಚು ಎಂಬುದನ್ನು ಬಿಟ್ಟಿದ್ದಾರೆ. ಇದು ಸಣ್ಣ ಲೋಪವಲ್ಲ.

ನಾವು ಅಂಡಾಣು ಶೇಖರಣೆ (ಮುಂದಿನ ಬಳಕೆಗಾಗಿ ಅಂಡಾಣುಗಳನ್ನು ಹೊರತೆಗೆದು ಕಾಪಿಡುವುದು) ಮತ್ತು ಶಸ್ತ್ರಚಿಕಿತ್ಸೆ ಎರಡನ್ನೂ ಆರಿಸಿಕೊಂಡೆವು. ಚುಚ್ಚುಮದ್ದು ಕೊಟ್ಟು ಅಂಡಾಣು ಹೊರತೆಗೆಯಲು ಎರಡು ವಾರ ಹಿಡಿಯಿತು. ಅದಕ್ಕಾಗಿ ರೇಡಿಯೇಷನ್ ಮುಂದೂಡಬೇಕಾಯಿತು. ಬಯಾಪ್ಸಿ ವರದಿ ಬಂದ ದಿನವೇ ಯಾರಾದರೂ ಒಂದು ಮಾತು ಹೇಳಿದ್ದರೆ, ಸ್ಕ್ಯಾನ್‌ಗಳಿಗಾಗಿ ಕಾದ ದಿನಗಳಲ್ಲೇ ಈ ಕೆಲಸ ಮುಗಿಯುತ್ತಿತ್ತು. ಶಸ್ತ್ರಚಿಕಿತ್ಸೆಯ ಮರುದಿನವೇ ತಂಗಿ ಮನೆಗೆ ಬಂದಳು, ಗಾಯಗಳು ಬೇಗ ಮಾಗಿದವು.

ಲೆಕ್ಕದ ವಿಷಯದಲ್ಲಿ ಮಾತ್ರ ಈ ವಿಭಾಗ ಹೊಣೆಗೇಡಿಯಾಗಿ ನಡೆದುಕೊಂಡಿತು. ಮೊದಲು ಕೊಟ್ಟ ಅಂದಾಜಿನಲ್ಲಿ ಹಾರ್ಮೋನ್ ಚುಚ್ಚುಮದ್ದಿನ ಬೆಲೆಯೂ ಅಂಡಾಣುಗಳನ್ನು ಇಡುವ ವಾರ್ಷಿಕ ಶುಲ್ಕವೂ ಇರಲಿಲ್ಲ. ಕೇಳಿದಾಗ ಅದೇ ಕಾಗದದ ಹಿಂಬದಿಯಲ್ಲಿ ಪೆನ್ನಿನಿಂದ ಬರೆದುಕೊಟ್ಟರು. ಮುದ್ರಿತ ದರಪಟ್ಟಿ ಕೋರಿ ನಾನು ಕೊಟ್ಟ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ.